ವಿಷಯ: ಹಳೇ ಗೇಮ್ ಮಷೀನಿನ ಮಾನಿಟರ್‌ಗೆ ಆದ ತಪ್ಪು ರಿಪೇರಿ, ಕಾಯಿನ್ ಬಾಗಿಲಿಗೆ ಬಂದ ಕರೆಂಟ್

ಗೆ,
ಸರ್ವೀಸ್ ಮ್ಯಾನೇಜರ್ ಅವರಿಗೆ,
ಬೆಂಗಳೂರು

ಮಾನ್ಯರೇ,

ಮೊದಲೇ ಹೇಳಿಬಿಡುತ್ತೇನೆ, ನನಗೆ ಎಲೆಕ್ಟ್ರಾನಿಕ್ಸ್ ಬರುವುದಿಲ್ಲ. ನಾನು ಬ್ಯಾಂಕಿನಲ್ಲಿ ಕೂತು ಲೆಕ್ಕ ನೋಡುವವನು. ಬರುವುದಿಲ್ಲ ಅಂತಲೇ ನಿಮ್ಮನ್ನು ಕರೆದದ್ದು, 14,000 ರೂಪಾಯಿ ಕೊಟ್ಟದ್ದು. ಆದರೆ ಕಳೆದ ಒಂದು ತಿಂಗಳಲ್ಲಿ ನಿಮ್ಮ ರಿಪೇರಿಯ ದೆಸೆಯಿಂದ ನಾನು ಎಷ್ಟು ಕಲಿಯಬೇಕಾಯಿತು ಅಂದರೆ, ಈಗ ನಿಮ್ಮ ಬಿಲ್ ನನಗೆ ಸಾಲು ಸಾಲಾಗಿ ಅರ್ಥವಾಗುತ್ತದೆ. ಅದಕ್ಕೇ ಈ ಪತ್ರ.

ಮಷೀನ್ ಯಾವುದು ಅಂತ ನೆನಪಿಸುತ್ತೇನೆ. ಮಿಸ್ ಪ್ಯಾಕ್‌ಮ್ಯಾನ್, ಅಮೆರಿಕದ ಮಿಡ್‌ವೇ ಕಂಪನಿಯದು, 1982ರದ್ದು. ಎದುರು ಮನೆಯವರು ನ್ಯೂಜೆರ್ಸಿಯಿಂದ ಊರಿಗೆ ವಾಪಸ್ ಬರುವಾಗ ಸಾಮಾನಿನ ಜೊತೆ ಕಂಟೇನರಿನಲ್ಲಿ ತಂದಿದ್ದರು. ಮನೆ ಬದಲಿಸುವಾಗ ನನಗೆ ಕೊಟ್ಟರು. ನಾಲ್ಕು ಜನ ಹೊತ್ತು ತಂದು ನಮ್ಮ ಹಾಲ್‌ನಲ್ಲಿ ಇಟ್ಟೆವು. ದಾವಣಗೆರೆಯಲ್ಲಿ ಓದುವಾಗ ವಿಡಿಯೋ ಗೇಮ್ ಅಂಗಡಿಯಲ್ಲಿ ಒಂದು ರೂಪಾಯಿ ಕಾಯಿನ್ ಹಾಕಿ 'ಮುಸ್ತಫಾ' ಆಡಿದವನು ನಾನು. (ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಅಂತ ಗೊತ್ತಾಗಿದ್ದು ಮದುವೆಯಾದ ಮೇಲೆ.) ಅಂಥವನ ಮನೆಗೇ ಇಡೀ ಮಷೀನ್ ಬಂದಿದೆ ಅಂದರೆ ಖುಷಿ ಹೇಗಿರಬೇಕು, ನೀವೇ ಯೋಚಿಸಿ.

ಬಂದಾಗಲೇ ಅದಕ್ಕೆ ಒಂದು ತೊಂದರೆ ಇತ್ತು. ಆನ್ ಮಾಡಿದರೆ ಕಾಯಿನ್ ತಗೊಳ್ಳುತ್ತಿತ್ತು, ಶುರುವಿನ ಮ್ಯೂಸಿಕ್ ಬರುತ್ತಿತ್ತು, ಕೋಲು ಆಡಿಸಿದರೆ ಚುಕ್ಕಿ ತಿನ್ನುವ ಸದ್ದೂ ಬರುತ್ತಿತ್ತು. ಚಿತ್ರ ಮಾತ್ರ ಇಲ್ಲ. ಕಪ್ಪು ಗಾಜಿನ ನಡುವೆ ಮೇಲಿಂದ ಕೆಳಗಿನವರೆಗೆ ಒಂದೇ ಒಂದು ಗೆರೆ, ಟ್ಯೂಬ್‌ಲೈಟ್ ನಿಲ್ಲಿಸಿದ ಹಾಗೆ.

ನಿಮ್ಮ ಟೆಕ್ನಿಷಿಯನ್ ಬಂದರು. ಗೆರೆ ನೋಡಿದ ತಕ್ಷಣ "ಹಾರಿಜಾಂಟಲ್ ಹೋಗಿದೆ ಸಾರ್, ಫ್ಲೈಬ್ಯಾಕ್ ಬದಲಿಸಬೇಕು" ಅಂದರು. ಹಿಂದಿನ ಬಾಗಿಲು ತೆಗೆದದ್ದು ಅದಾದ ಮೇಲೆ. (ಹಾರಿಜಾಂಟಲ್ ಅಂದರೆ ಚಿತ್ರವನ್ನು ಅಡ್ಡಕ್ಕೆ ಹರಡುವ ಭಾಗ, ಫ್ಲೈಬ್ಯಾಕ್ ಅಂದರೆ ಟ್ಯೂಬಿಗೆ ಭಾರೀ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್ ಅಂತ ಆಮೇಲೆ ಕಲಿತೆ.) ಮಾನಿಟರಿನ ಬೋರ್ಡ್ ಬಿಚ್ಚಿಕೊಂಡು ಹೋಗಿ ಮೂರು ವಾರ ಇಟ್ಟುಕೊಂಡಿರಿ. ಬಿಲ್ ಹೀಗಿತ್ತು: ವಿಸಿಟ್‌ಗೆ 800, ಎಲ್ಲಾ ಕೆಪಾಸಿಟರ್ ಬದಲಿಸಿದ್ದಕ್ಕೆ 3,500, ಫ್ಲೈಬ್ಯಾಕ್‌ಗೆ 5,200, ಹಾರಿಜಾಂಟಲ್ ಟ್ರಾನ್ಸಿಸ್ಟರ್‌ಗೆ 600, ಎಸ್‌ಎಂಪಿಎಸ್ (ಗೇಮ್ ಬೋರ್ಡಿಗೆ ಕರೆಂಟ್ ಕೊಡುವ ಡಬ್ಬಿ) ಮತ್ತು 110 ವೋಲ್ಟ್ ಕನ್ವರ್ಟರ್‌ಗೆ 3,900. ಒಟ್ಟು 14,000. ಹಾಕಿದ ದಿನ ಚಿತ್ರ ಬಂತು. ಎರಡೇ ದಿನ. ಮೂರನೇ ದಿನ ಸಂಜೆ ಮತ್ತೆ ಅದೇ ಗೆರೆ ನಿಂತಿತು. ಫೋನ್ ಮಾಡಿದರೆ "ಪಿಕ್ಚರ್ ಟ್ಯೂಬೇ ಹೋಗಿದೆ, ಎಲ್‌ಸಿಡಿ ಹಾಕಿಸಿಬಿಡಿ, 18,000 ಆಗುತ್ತೆ" ಅಂದಿರಿ. ಮನೆಗೆ ಬಂದು ನೋಡಲೂ ಇಲ್ಲ.

ನಮ್ಮ ಮಾವ ತುಮಕೂರಿನಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದವರು. ಈ ಮಷೀನ್ ಬಂದ 1982ರಲ್ಲೇ ನಮ್ಮ ದೂರದರ್ಶನವೂ ಬಣ್ಣಕ್ಕೆ ತಿರುಗಿದ್ದು, ಅವರು ಅಂಗಡಿ ಹಾಕಿದ್ದೂ ಅದೇ ಕಾಲದಲ್ಲಿ. ಈಗ ವಯಸ್ಸಾಗಿದೆ, ಕೈ ಸ್ವಲ್ಪ ನಡುಗುತ್ತದೆ. ಫೋನಿನಲ್ಲಿ ಅವರಿಗೆ ಗೆರೆಯ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಳಿಯಂದ್ರೇ, ಟ್ಯೂಬ್ ಹೇಗೆ ಕೂರಿಸಿದ್ದಾರೆ? ನೆಟ್ಟಗೋ, ಸೈಡಿಗೋ?"

ಹೋಗಿ ನೋಡಿದೆ. ಸೈಡಿಗೆ! ಈ ಆಟದ ಚಿತ್ರ ಅಗಲಕ್ಕಿಂತ ಎತ್ತರ ಜಾಸ್ತಿ. ಅದಕ್ಕೇ 19 ಇಂಚಿನ ಮಾಮೂಲಿ ಟ್ಯೂಬನ್ನೇ ಕಾಲು ಸುತ್ತು ತಿರುಗಿಸಿ ಕೂರಿಸಿದ್ದಾರೆ. ಅಂದರೆ ನಮ್ಮ ಕಣ್ಣಿಗೆ ನಿಂತ ಗೆರೆ ಟ್ಯೂಬಿನ ಲೆಕ್ಕದಲ್ಲಿ ಮಲಗಿದ ಗೆರೆ. ಹೋಗಿರುವುದು ಚಿತ್ರವನ್ನು ಟ್ಯೂಬಿನ ಮೇಲೆ-ಕೆಳಗೆ ಹರಡುವ ವರ್ಟಿಕಲ್, ಹಾರಿಜಾಂಟಲ್ ಅಲ್ಲ. ನೀವು ಬದಲಿಸಿದ್ದೆಲ್ಲ ಹಾರಿಜಾಂಟಲ್ ಕಡೆಯ ಸಾಮಾನು.

ಇನ್ನೊಂದು ವಿಷಯ ಮಾವ ಹೇಳಿದ ಮೇಲೆ ನನ್ನಂಥವನಿಗೂ ಹೊಳೆಯಿತು. ಫ್ಲೈಬ್ಯಾಕ್ ನಡೆಯುವುದೇ ಹಾರಿಜಾಂಟಲ್ ಭಾಗದ ಬಲದಿಂದ. ಸೆಕೆಂಡಿಗೆ 15,000ಕ್ಕೂ ಹೆಚ್ಚು ಸಲ ಅದು ಬಡಿಯುವುದರಿಂದಲೇ ಟ್ಯೂಬಿಗೆ 20,000 ವೋಲ್ಟ್ ಆಸುಪಾಸಿನ ಕರೆಂಟ್ ಹೋಗುವುದು. ಅದು ಸತ್ತಿದ್ದರೆ ಗೆರೆಯೂ ಇರುತ್ತಿರಲಿಲ್ಲ, ಗಾಜು ಪೂರ್ತಿ ಕಪ್ಪಾಗಿರುತ್ತಿತ್ತು. ಗೆರೆ ಅಷ್ಟು ಬೆಳ್ಳಗೆ ಉರಿಯುತ್ತಿತ್ತು ಅಂದರೆ ಫ್ಲೈಬ್ಯಾಕ್ ಚೆನ್ನಾಗಿತ್ತು, ಟ್ಯೂಬೂ ಚೆನ್ನಾಗಿತ್ತು. ಹಾಗಾದರೆ ಆ 5,200 ಯಾತಕ್ಕೆ? ಚೆನ್ನಾಗಿದ್ದ ಆ ಹಳೇ ಫ್ಲೈಬ್ಯಾಕ್ ಈಗ ಎಲ್ಲಿದೆ?

ಇದಿಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಬೈದುಕೊಂಡು ಸುಮ್ನೆ ಇರುತ್ತಿದ್ದೆನೇನೋ. ಮುಂದಿನದಕ್ಕೆ ಸುಮ್ನಿರಲು ಆಗುವುದಿಲ್ಲ.

ಭಾನುವಾರ ಮಾವ ಬಸ್ಸು ಹತ್ತಿ ಬಂದರು. ಬಂದವರು ಕಾಫಿ ಕುಡಿಯುವ ಮೊದಲೇ ಟೆಸ್ಟರ್ ಕೇಳಿದರು. ಮಷೀನ್ ಆನ್ ಮಾಡಿಸಿ, ಮುಂದಿನ ಕಾಯಿನ್ ಬಾಗಿಲಿನ ಕಬ್ಬಿಣಕ್ಕೆ ಟೆಸ್ಟರ್ ಇಟ್ಟರು. ಉರಿಯಿತು. ಎಸ್‌ಎಂಪಿಎಸ್ ಇದ್ದರೆ ಟೆಸ್ಟರ್ ಸುಮ್ಮಸುಮ್ಮನೆಯೂ ಉರಿಯುತ್ತೆ ಅಂತ ನೀವು ಹೇಳಬಹುದು. ಮಾವನೂ ಅದನ್ನೇ ಹೇಳಿ, 15 ವ್ಯಾಟಿನ ಬಲ್ಬಿನ ಒಂದು ವೈರನ್ನು ಬಾಗಿಲಿಗೆ, ಇನ್ನೊಂದನ್ನು ಅರ್ಥಿಂಗಿಗೆ ಹಿಡಿದರು. ಬಲ್ಬ್ ಮಂಕಾಗಿ, ಕೆಂಪಗೆ ಉರಿಯಿತು. ನನ್ನ ಮಗಳಿಗೆ ಏಳು ವರ್ಷ. ಕಾಯಿನ್ ಹಾಕುವುದು ಅವಳ ಕೆಲಸ, ಹಾಲ್‌ನಲ್ಲಿ ಬರಿಗಾಲಲ್ಲಿ ಓಡಾಡುವವಳು. ನಮ್ಮದು ಹಳೇ ಮನೆ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲ. ಆ ಎರಡು ದಿನ ಅವಳು ಎಷ್ಟು ಸಲ ಆ ಬಾಗಿಲು ಮುಟ್ಟಿದಳು ಅಂತ ಈಗಲೂ ರಾತ್ರಿ ಲೆಕ್ಕ ಹಾಕುತ್ತೇನೆ.

ಕಾರಣವೂ ಸಿಕ್ಕಿತು. ಈ ಮಾನಿಟರಿನ ಬೋರ್ಡ್ ಮೇನ್ಸ್ ಕರೆಂಟನ್ನು ನೇರವಾಗಿ ತಗೊಳ್ಳುವಂಥದ್ದು. ಹಾಗಾಗಿ ಅದಕ್ಕೂ ಗೋಡೆಯ ಪ್ಲಗ್ಗಿಗೂ ನಡುವೆ, ಎರಡನ್ನೂ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಮಷೀನಿನ ತಳದಲ್ಲಿ ಕಂಪನಿಯೇ ಕೂರಿಸಿದ್ದ ದಪ್ಪ ಟ್ರಾನ್ಸ್‌ಫಾರ್ಮರ್ ಆ ಕೆಲಸ ಮಾಡುತ್ತಿತ್ತು. ನಿಮ್ಮವರು "ಗುಂಯ್ ಅಂತಿದೆ ಸಾರ್, ಹಳೇದು" ಅಂತ ಅದನ್ನು ಬಿಚ್ಚಿ ತಗೊಂಡು ಹೋದರು. ಅಮೆರಿಕದ 60 ಹರ್ಟ್ಸ್‌ಗೆ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಸ್ವಲ್ಪ ಗುಂಯ್ ಅನ್ನದೆ ಇನ್ನೇನು ಮಾಡುತ್ತದೆ? ಅದರ ಬದಲು ಹಾಕಿದ 110 ವೋಲ್ಟ್ ಕನ್ವರ್ಟರ್ ಬರೀ ಆಟೋ ಟ್ರಾನ್ಸ್‌ಫಾರ್ಮರ್. ಒಂದೇ ತಂತಿ ಸುರುಳಿ, ವೋಲ್ಟೇಜ್ ಇಳಿಸುತ್ತದೆ, ಬೇರ್ಪಡಿಸುವುದಿಲ್ಲ. ಮೇನ್ಸ್ ಮಾನಿಟರಿನ ಗ್ರೌಂಡ್ ವೈರ್ ಹಿಡಿದು ಗೇಮ್ ಬೋರ್ಡಿಗೆ, ಅಲ್ಲಿಂದ ಕಾಯಿನ್ ಬಾಗಿಲಿಗೆ ಬಂತು. ಅದರ ಮೇಲೆ ಮೂರು ಪಿನ್ನಿನ ಪ್ಲಗ್ ಕತ್ತರಿಸಿ ಎರಡು ಪಿನ್ನಿನದು ಹಾಕಿದ್ದೀರಿ. ಅರ್ಥಿಂಗ್ ಇದ್ದಿದ್ದರೆ ಮೊದಲ ದಿನವೇ ಫ್ಯೂಸ್ ಹಾರಿ ತಪ್ಪು ಗೊತ್ತಾಗುತ್ತಿತ್ತು, ಅಲ್ವಾ? ಅದಕ್ಕೇ ಅರ್ಥಿಂಗ್ ತೆಗೆದರೋ ಏನೋ, ನೀವೇ ಕೇಳಿ ತಿಳಿದುಕೊಳ್ಳಿ.

ಉಳಿದದ್ದು ಚಿಕ್ಕ ಕಥೆ. ಎಸ್‌ಪಿ ರೋಡ್ ಹತ್ತಿರ 3,200 ಕೊಟ್ಟು, 230ರಿಂದ 120ಕ್ಕೆ ಇಳಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸುತ್ತಿಸಿಕೊಂಡು ಬಂದೆ. ಮೂರು ಪಿನ್ ಪ್ಲಗ್ ಹಾಕಿದೆವು. ಈಗ ಬಾಗಿಲಿಗೆ ಹಿಡಿದರೆ ಬಲ್ಬ್ ಉರಿಯಲಿಲ್ಲ. ಆಮೇಲೆ ಮಾವ ಒಣಗಿದ ಮರದ ಸೌಟಿನ ಹಿಡಿಯಿಂದ ಮಾನಿಟರ್ ಬೋರ್ಡನ್ನು ಮೆಲ್ಲಗೆ ತಟ್ಟುತ್ತಾ ಹೋದರು. ಒಂದು ಮೂಲೆಯಲ್ಲಿ ತಟ್ಟಿದಾಗ ಗೆರೆ ಕೊಡೆ ಬಿಚ್ಚಿದ ಹಾಗೆ ಬಿಚ್ಚಿಕೊಂಡು, ಇಡೀ ಚಿತ್ರ ಒಂದು ಕ್ಷಣ ಕಂಡು ಮತ್ತೆ ಮುಚ್ಚಿಕೊಂಡಿತು.

ಪ್ಲಗ್ ಕಿತ್ತರು. ಸ್ಕ್ರೂಡ್ರೈವರ್‌ಗೆ ಕ್ಲಿಪ್ ವೈರ್ ಕಟ್ಟಿ, ಇನ್ನೊಂದು ತುದಿಯನ್ನು ಟ್ಯೂಬಿನ ಮೈ ಸುತ್ತ ಇರುವ ಜಡೆ ವೈರಿಗೆ ಸಿಕ್ಕಿಸಿ, ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು, ಟ್ಯೂಬಿಗೆ ಭಾರೀ ವೋಲ್ಟೇಜ್ ಹೋಗುವ ಜಾಗದ ರಬ್ಬರ್ ಟೋಪಿಯ ಕೆಳಗೆ ತೂರಿಸಿದರು. ಟಪ್ ಅಂತು. ಆಫ್ ಆಗಿದ್ದರೂ ಟ್ಯೂಬ್ ಕರೆಂಟ್ ಹಿಡಿದಿಟ್ಟುಕೊಳ್ಳುತ್ತದೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು. ಬೋರ್ಡ್ ತಿರುಗಿಸಿ ಭೂತಗನ್ನಡಿಯಲ್ಲಿ ತೋರಿಸಿದರು. ಯೋಕ್ (ಟ್ಯೂಬಿನ ಕತ್ತಿನ ಸುತ್ತ ಇರುವ, ಚಿತ್ರ ಹರಡುವ ಸುರುಳಿ) ವೈರ್ ಸಿಕ್ಕಿಸುವ ಸಾಕೆಟ್ಟಿನ ಎರಡು ಪಿನ್ನುಗಳ ಸುತ್ತ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಬಳೆ ತೊಟ್ಟ ಹಾಗೆ. ಕೈ ನಡುಗುತ್ತದೆ ಅಂತ ಬೆಸುಗೆ ನನ್ನಿಂದಲೇ ಹಾಕಿಸಿದರು. ಹತ್ತು ನಿಮಿಷ. ಚಿತ್ರ ಬಂತು, ಮೂರು ವಾರವಾಯಿತು, ಹಾಗೇ ನಿಂತಿದೆ. ನಿಮ್ಮ ಕಡೆ ಎರಡು ದಿನ ಕೆಲಸ ಮಾಡಿದ್ದು ಬೋರ್ಡ್ ಬಿಚ್ಚಿ ಹಾಕುವಾಗ ಆ ಪಿನ್ನು ಅಲುಗಾಡಿದ್ದಕ್ಕೆ ಅಂತ ಮಾವನ ಅಂದಾಜು.

ಅಂದ ಹಾಗೆ, 'ಎಲ್ಲಾ ಕೆಪಾಸಿಟರ್' ಅಂತ ಬಿಲ್ ಮಾಡಿದ್ದೀರಿ. ಎಣಿಸಿದೆ. ಹೊಸದು ಒಂಬತ್ತು. ವರ್ಟಿಕಲ್ ಭಾಗದ್ದನ್ನು ಒಂದನ್ನೂ ಮುಟ್ಟಿಲ್ಲ, ಮೇಲೆ 40 ವರ್ಷದ ಧೂಳು ಹಾಗೇ ಇದೆ. ಫೋಟೋ ಲಗತ್ತಿಸಿದ್ದೇನೆ.

ನನಗೆ ಬೇಕಾದದ್ದು ಇಷ್ಟು. ಫ್ಲೈಬ್ಯಾಕ್ ಮತ್ತು ಟ್ರಾನ್ಸಿಸ್ಟರಿನ 5,800, ನಾನು ಹಾಕಿಸಿದ ಟ್ರಾನ್ಸ್‌ಫಾರ್ಮರಿನ 3,200, ಸೇರಿ 9,000 ರೂಪಾಯಿ ವಾಪಸ್. ಕೆಪಾಸಿಟರಿಗೆ ಹಾಕಿದ ಒಂಬತ್ತಕ್ಕೆ ಮಾತ್ರ ಬಿಲ್ ಮಾಡಿ, ಉಳಿದದ್ದು ಹಿಂದಿರುಗಿಸಿ. ನನ್ನ ಹಳೇ ಫ್ಲೈಬ್ಯಾಕ್ ಮತ್ತು ಹಳೇ ಟ್ರಾನ್ಸ್‌ಫಾರ್ಮರ್ ನನಗೆ ಬೇಕು, ಅವು ನನ್ನ ಸಾಮಾನು. ಇದಕ್ಕಿಂತ ಮುಖ್ಯವಾಗಿ, ಇದೇ ರೀತಿ ಕನ್ವರ್ಟರ್ ಹಾಕಿ ಕೊಟ್ಟ ಬೇರೆ ಮನೆಗಳಿದ್ದರೆ ಇವತ್ತೇ ಫೋನ್ ಮಾಡಿ ಪ್ಲಗ್ ಕೀಳಿಸಿ. 15 ದಿನದಲ್ಲಿ ಬರವಣಿಗೆಯಲ್ಲಿ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲಿಯೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್, ಫೋಟೋ, ಬಲ್ಬ್ ಉರಿದ ವಿಡಿಯೋ ಎಲ್ಲಾ ಇಟ್ಟುಕೊಂಡಿದ್ದೇನೆ.

ಬಂದಿದ್ದ ಹುಡುಗನ ಕೆಲಸ ಮಾತ್ರ ಕಳೆಯಬೇಡಿ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಅದು ನಿಮ್ಮ ತಪ್ಪು.

ಇಂತಿ,
ನಿಮ್ಮ ಗ್ರಾಹಕ
(ಬಿಲ್ ನಕಲು ಜೊತೆಗಿದೆ)

ತಾ.ಕ.: ಟ್ರಾನ್ಸ್‌ಫಾರ್ಮರ್ ಗುಜರಿಗೆ ಹೋಗಿದ್ದರೆ ಅದನ್ನೂ ನೇರವಾಗಿ ಬರೆಯಿರಿ. "ಹುಡುಕ್ತಾ ಇದೀವಿ ಸಾರ್" ಅಂತ ಇನ್ನೂ ಮೂರು ವಾರ ಕಾಯಿಸಬೇಡಿ.