ಮೈಕಿನವನಿಗೆ ಸಭಿಕರ ನಡುವೆ ಒಂದು ಕುರ್ಚಿ ಕೊಡಿ

ಮಾನ್ಯ ಸಂಪಾದಕರೇ,

ರಂಗಮಂದಿರವೊಂದರಲ್ಲಿ ಯಕ್ಷಗಾನ ನೋಡಲು ಹೋಗಿದ್ದ ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬೇಸರ ತೋಡಿಕೊಂಡಿದ್ದರು. ಚಂಡೆ ಕಿವಿಗೆ ಅಪ್ಪಳಿಸುತ್ತಿತ್ತು, ಭಾಗವತರ ಪದ್ಯದ ಒಂದು ಸಾಲೂ ತಿಳಿಯಲಿಲ್ಲ, ಮೈಕಿನವರು ಹಿಂದಿನ ಗಾಜಿನ ಕೋಣೆಯಲ್ಲಿ ಕೂತು ಏನು ಮಾಡುತ್ತಿದ್ದರು ಎಂದು ಕೇಳಿದ್ದರು. ಆ ರಾತ್ರಿಯ ಮೈಕ್ ಸೆಟ್ ನನ್ನದಲ್ಲ. ಆದರೆ ಅಂಥ ಕೋಣೆಯಲ್ಲಿ ನಾನೂ ಎಷ್ಟೋ ರಾತ್ರಿ ಕಳೆದಿದ್ದೇನೆ. ಅವರ ಪ್ರಶ್ನೆಗೆ ನಮ್ಮ ಕಸುಬಿನವರೇ ಉತ್ತರ ಕೊಡಬೇಕು ಎನಿಸಿ ಬರೆಯುತ್ತಿದ್ದೇನೆ.

ಗಾಜಿನ ಕೋಣೆಯಲ್ಲಿ ಕೂತವನಿಗೆ ಸಭಿಕರಿಗೆ ಕೇಳುವ ಸದ್ದು ಕೇಳುವುದೇ ಇಲ್ಲ. ಬಾಲ್ಕನಿಯ ಅಡಿ, ಕೊನೆಯ ಸಾಲಿನ ಹಿಂದೆ, ಅರ್ಧ ಮಾತ್ರ ಸರಿಯುವ ಕಿಟಕಿ. ಮದ್ದಳೆಯ ಗುಂಕಾರ ಒಳಗೆ ಬಂದು ತುಂಬಿಕೊಳ್ಳುತ್ತದೆ. ಪದ್ಯದ ಸ, ಶ, ತ, ಚ ಅಕ್ಷರಗಳ ಮೊನೆ ಅಲ್ಲಿಗೆ ತಲುಪುವಷ್ಟರಲ್ಲಿ ಸವೆದಿರುತ್ತದೆ. ಮಾತು ಸ್ಪಷ್ಟವಾಗಿ ತಿಳಿಯಲು ಮುಖ್ಯವಾದದ್ದು 2,000ದಿಂದ 4,000 ಹರ್ಟ್ಜ್ ಆಸುಪಾಸಿನ ಸದ್ದು. ಅದು ಸಾಲದೆಂದು ಕೋಣೆಯೊಳಗಿನವನು ಏರಿಸುತ್ತಾನೆ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಇನ್ನೂ ಸ್ವಲ್ಪ ಏರಿಸಿದರೆ ಕುಂಯ್ ಎಂದು ಫೀಡ್‌ಬ್ಯಾಕ್. ನಮ್ಮಪ್ಪ ಬಯಲಾಟಕ್ಕೆ ಅಹುಜಾ ಆಂಪ್ಲಿಫೈಯರ್, ನಾಲ್ಕು ಹಾರ್ನ್ ಒಯ್ಯುತ್ತಿದ್ದ ಕಾಲದಲ್ಲಿ ರಂಗಸ್ಥಳದ ಪಕ್ಕದಲ್ಲೇ ಕೂರುತ್ತಿದ್ದರು. ಎದ್ದು ಗದ್ದೆಯ ಅಂಚಿನವರೆಗೆ ನಡೆದು, ಕೇಳಿಸಿಕೊಂಡು ಬಂದು, ಗುಂಡಿ ತಿರುಗಿಸುತ್ತಿದ್ದರು. ಸಲಕರಣೆ ಕಡಿಮೆ ಇತ್ತು, ಆದರೆ ಕಿವಿ ಜನರ ನಡುವೆ ಇತ್ತು.

ಆ ಕಿವಿಯನ್ನು ಮತ್ತೆ ಜನರ ನಡುವೆ ತರುವ ಉಪಾಯ ಈಗ ನಮ್ಮ ಕೈಯಲ್ಲಿದೆ. ನನ್ನ ಬಳಿ ಇರುವುದು ಬೆಹ್ರಿಂಜರ್ ಎಕ್ಸ್32, 2012ರಲ್ಲಿ ಮಾರುಕಟ್ಟೆಗೆ ಬಂದ, 32 ಮೈಕ್ ಹಾಕಿ ಎಲ್ಲದರ ಸದ್ದನ್ನೂ ಹದ ಮಾಡಿ ಸ್ಪೀಕರಿಗೆ ಕಳಿಸಬಹುದಾದ ಡಿಜಿಟಲ್ ಮಿಕ್ಸರ್. ಎಕ್ಸ್32-ಎಡಿಟ್ ಎಂಬ ತಂತ್ರಾಂಶವನ್ನು ಕಂಪನಿಯೇ ಉಚಿತವಾಗಿ ಕೊಡುತ್ತದೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಎರಡನ್ನೂ ಒಂದೇ ರೂಟರಿಗೆ ಜೋಡಿಸಿದರೆ ಇಡೀ ಮಿಕ್ಸರ್ ಪರದೆಯ ಮೇಲೆ ಬರುತ್ತದೆ. ಯಮಾಹಾ, ಅಲೆನ್ ಆ್ಯಂಡ್ ಹೀತ್ ಮಿಕ್ಸರ್‌ಗಳಿಗೂ ಇಂಥದ್ದೇ ವ್ಯವಸ್ಥೆ ಇದೆ. ಸೌಂಡ್‌ಕ್ರಾಫ್ಟ್‌ನ ಯುಐ ಮಾದರಿಗಳಿಗಂತೂ ಬೇರೆ ತಂತ್ರಾಂಶವೇ ಬೇಡ, ಬ್ರೌಸರ್ ಸಾಕು.

ಹಾಲ್ ನೋಡಿಕೊಳ್ಳುವವರು, ಸಂಘಟಕರು ಎಲ್ಲರೂ ಕೇಳುವುದು ಒಂದೇ: ಲ್ಯಾಪ್‌ಟಾಪ್ ಹ್ಯಾಂಗ್ ಆದರೆ ಕಾರ್ಯಕ್ರಮದ ಗತಿಯೇನು? ದಯವಿಟ್ಟು ಇದನ್ನು ತಿಳಿದುಕೊಳ್ಳಿ. ಧ್ವನಿ ಲ್ಯಾಪ್‌ಟಾಪಿನೊಳಗೆ ಬರುವುದೇ ಇಲ್ಲ. ಮೈಕಿನಿಂದ ಮಿಕ್ಸರಿಗೆ, ಮಿಕ್ಸರಿನಿಂದ ಸ್ಪೀಕರಿಗೆ ಅದು ತನ್ನ ದಾರಿಯಲ್ಲೇ ಹೋಗುತ್ತದೆ. ಲ್ಯಾಪ್‌ಟಾಪಿನಿಂದ ಹೋಗುವುದು ‘3ನೇ ಚಾನೆಲ್, ಅಂದರೆ 3ನೇ ಮೈಕಿನ ಸದ್ದು, ಸ್ವಲ್ಪ ಇಳಿಸು’ ಎಂಬಂಥ ಪುಟ್ಟ ಸಂದೇಶ ಮಾತ್ರ. ರಿಮೋಟಿನ ಸೆಲ್ ಮುಗಿದರೆ ಟಿವಿ ನಿಲ್ಲುತ್ತದೆಯೇ? ನೆಟ್ ಪ್ಯಾಕ್ ಕೂಡ ಬೇಕಾಗಿಲ್ಲ, ಇಂಟರ್ನೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

ನಮ್ಮ ಪಕ್ಕದ ಊರಿನ ಸಭಾಭವನದಲ್ಲಿ ಮೊದಲ ಸಲ ಎಂಟನೇ ಸಾಲಿನ ನಡುವೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತದ್ದು ಇನ್ನೂ ನೆನಪಿದೆ. ಭಾಗವತರು ಏರುಪದ್ಯ ಎತ್ತಿಕೊಂಡರು, ಚಂಡೆ ಸೇರಿತು, ಪದ್ಯ ಮುಳುಗಿತು. ಭಾಗವತರ ಚಾನೆಲ್ ಏರಿಸುವುದು ರೂಢಿ. ಅಲ್ಲಿ ಕೂತಾಗಲೇ ನನಗೆ ಗೊತ್ತಾದದ್ದು, ಚಂಡೆಯ ಸದ್ದು ಚಂಡೆಯ ಮೈಕಿನಿಂದ ಬರುವುದಕ್ಕಿಂತ ಹೆಚ್ಚಾಗಿ ಭಾಗವತರ ಮೈಕಿನಿಂದಲೇ ನುಗ್ಗುತ್ತಿತ್ತು. ಚಂಡೆಯ ಮೈಕನ್ನು ಪೂರ್ತಿ ಮುಚ್ಚಿದೆ. ಭಾಗವತರ ಚಾನೆಲ್ಲಿನ ಈಕ್ವಲೈಸರ್ (ತಗ್ಗು, ಎತ್ತರದ ಸ್ವರಗಳನ್ನು ಬೇರೆಬೇರೆಯಾಗಿ ಏರಿಳಿಸುವ ಸಾಧನ) ತೆರೆದು, ಪರದೆಯ ಮೇಲಿನ ಚುಕ್ಕಿಯನ್ನು ಮೌಸಿನಿಂದ ಹಿಡಿದು, ಚಂಡೆ ಚುಚ್ಚುತ್ತಿದ್ದ ಜಾಗದಲ್ಲಿ ಮೆಲ್ಲಗೆ ಕೆಳಕ್ಕೆ ಎಳೆದೆ. ಪಕ್ಕದಲ್ಲಿ ಕೂತಿದ್ದ ಅಜ್ಜನೊಬ್ಬರು ಅಲ್ಲಿಯವರೆಗೆ ಮುಂದಕ್ಕೆ ಬಾಗಿ ಕೂತಿದ್ದವರು ಬೆನ್ನು ಕುರ್ಚಿಗೆ ಒರಗಿಸಿ, ತುಟಿಯಲ್ಲೇ ಪದ್ಯ ಹೇಳಿಕೊಳ್ಳತೊಡಗಿದರು. ಅದಕ್ಕಿಂತ ದೊಡ್ಡ ಸಂಬಳ ನನಗೆ ಬೇರೆ ಸಿಕ್ಕಿಲ್ಲ.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಒಂದು ಸಲ ವೈ-ಫೈ ನಂಬಿ ಕೆಟ್ಟೆ. ಮಧ್ಯಾಹ್ನ ಖಾಲಿ ಹಾಲಿನಲ್ಲಿ ಕೊನೆಯ ಮೂಲೆಯವರೆಗೂ ಚೆನ್ನಾಗಿ ಸಿಗುತ್ತಿದ್ದ ಸಿಗ್ನಲ್, ಸಂಜೆ ಜನ ತುಂಬಿದ ಮೇಲೆ ಇಲ್ಲವಾಯಿತು. ಎಲ್ಲರ ಕಿಸೆಯಲ್ಲೂ ಒಂದೊಂದು ಫೋನ್. ಮನುಷ್ಯರ ಮೈಯಲ್ಲಿರುವ ನೀರು ಆ ತರಂಗಗಳನ್ನು ಹೀರಿಕೊಳ್ಳುತ್ತದೆ. ನನ್ನ ರೂಟರ್ ಇದ್ದದ್ದು ವೇದಿಕೆಯ ನೆಲದ ಮೇಲೆ, ಅದೂ ಫೋನ್‌ಗಳೆಲ್ಲ ಮುತ್ತಿಕೊಳ್ಳುವ 2.4 ಗಿಗಾಹರ್ಟ್ಜ್‌ನಲ್ಲಿ. ಅಂದಿನಿಂದ 5 ಗಿಗಾಹರ್ಟ್ಜ್ ರೂಟರನ್ನು ಸ್ಟ್ಯಾಂಡಿನ ಮೇಲೆ ತಲೆಗಿಂತ ಎತ್ತರಕ್ಕೆ ಕಟ್ಟುತ್ತೇನೆ, ಸಾಧ್ಯವಿದ್ದಲ್ಲಿ ಕೇಬಲ್ಲನ್ನೇ ಎಳೆಯುತ್ತೇನೆ.

ಇನ್ನೊಂದು ಸಲ ನನ್ನ ಜೊತೆಗಿದ್ದ ಹುಡುಗ ತಂತ್ರಾಂಶವನ್ನು ಜೋಡಿಸುವಾಗ ತಪ್ಪು ಒತ್ತಿದ. ಮಿಕ್ಸರಿನಲ್ಲಿರುವುದನ್ನು ಲ್ಯಾಪ್‌ಟಾಪಿಗೆ ತರಲೋ, ಲ್ಯಾಪ್‌ಟಾಪಿನದ್ದನ್ನು ಮಿಕ್ಸರಿಗೆ ಕಳಿಸಲೋ ಎಂದು ಅದು ಕೇಳುತ್ತದೆ. ಇವನು ಎರಡನೆಯದನ್ನು ಒತ್ತಿದ. ಮೂರು ಗಂಟೆ ಕೂತು ಹೊಂದಿಸಿದ್ದ ಫೇಡರ್‌ಗಳೆಲ್ಲ (ಸದ್ದು ಏರಿಳಿಸುವ ಜಾರುಗುಂಡಿಗಳು) ನನ್ನ ಕಣ್ಣೆದುರೇ ಒಟ್ಟಿಗೆ ಸರ್ರನೆ ಕೆಳಗಿಳಿದವು. ಪೆನ್‌ಡ್ರೈವಿನಲ್ಲಿ ಉಳಿಸಿಟ್ಟದ್ದರಿಂದ ಐದು ನಿಮಿಷದಲ್ಲಿ ಎಲ್ಲವೂ ಮರಳಿ ಬಂತು. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗೆ ನಾನು ಮೊದಲು ಕಲಿಸುವುದೇ ಇದನ್ನು: ಯಾವಾಗಲೂ ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ, ಮತ್ತು ಅದಕ್ಕೂ ಮೊದಲು ಪೆನ್‌ಡ್ರೈವಿಗೆ.

ಇನ್ನು ನನ್ನ ಬೇಡಿಕೆ. ರಂಗಮಂದಿರಗಳ ನವೀಕರಣಕ್ಕೆ ಹಣ ಬಂದಾಗ ಕುರ್ಚಿ ಬದಲಾಗುತ್ತದೆ, ಎ.ಸಿ. ಬರುತ್ತದೆ, ಹೊಸ ಸ್ಪೀಕರ್ ಬರುತ್ತವೆ. ಅದೇ ಸಮಯದಲ್ಲಿ ವೇದಿಕೆಯಿಂದ ಸಭಾಂಗಣದ ನಡುವಿನ ಒಂದು ಸಾಲಿಗೆ ನೆಲದಡಿ ಪೈಪಿನಲ್ಲಿ ಒಂದು ಕ್ಯಾಟ್6 (ನೆಟ್‌ವರ್ಕ್) ಕೇಬಲ್ ಎಳೆದು, ಅಲ್ಲೊಂದು ಸಾಕೆಟ್ ಕೊಡಿ. ನೂರು ಮೀಟರಿನವರೆಗೆ ಅದು ತೊಂದರೆಯಿಲ್ಲದೆ ಕೆಲಸ ಮಾಡುತ್ತದೆ, ನಮ್ಮ ಯಾವ ಹಾಲೂ ಅಷ್ಟು ಉದ್ದವಿಲ್ಲ. ಜೋಡಿಸುವ ಎಲೆಕ್ಟ್ರಿಷಿಯನ್ನರಿಗೆ ಒಂದು ಮಾತು: ಎಕ್ಸ್32 ಮಿಕ್ಸರಿನ ಹಿಂಬದಿ ಎಇಎಸ್50 ಎಂದು ಬರೆದ ಎರಡು ಸಾಕೆಟ್‌ಗಳೂ ನೋಡಲು ನೆಟ್‌ವರ್ಕಿನದ್ದರಂತೆಯೇ ಇರುತ್ತವೆ. ಅವು ವೇದಿಕೆಯ ಮೇಲೆ ಮೈಕ್‌ಗಳನ್ನು ಚುಚ್ಚುವ ಸ್ಟೇಜ್‌ಬಾಕ್ಸಿಗೆ, ರೂಟರಿಗಲ್ಲ. ಒಂದು ಹಾಲಿನಲ್ಲಿ ಹೀಗೆ ತಪ್ಪು ಚುಚ್ಚಿದ್ದು ಗೊತ್ತಾಗುವಷ್ಟರಲ್ಲಿ ಒಂದು ಬೆಳಗ್ಗೆಯೇ ಕಳೆದಿತ್ತು. ರೂಟರನ್ನು ಸಾರ್ವಜನಿಕರ ವೈ-ಫೈ ಜೊತೆ ಸೇರಿಸಲೂಬೇಡಿ. ಈ ಮಿಕ್ಸರ್ ನೆಟ್‌ವರ್ಕಿನಿಂದ ಬಂದವರ ಹತ್ತಿರ ಪಾಸ್‌ವರ್ಡ್ ಕೇಳುವುದಿಲ್ಲ. ಫೋನಿನಲ್ಲಿ ಆ್ಯಪ್ ಇರುವ ಯಾರು ಬೇಕಾದರೂ ಭಾಗವತರ ಮೈಕ್ ಮುಚ್ಚಿಬಿಡಬಹುದು.

ಸಂಘಟಕರಲ್ಲಿ ಕೇಳುವುದು ಇಷ್ಟೇ. ನಡುಸಾಲಿನ ಎರಡು ಕುರ್ಚಿಗಳ ಪಾಸ್ ಹಂಚಬೇಡಿ, ನಮಗೆ ಬಿಡಿ. ಗಣ್ಯರಿಗೆ ಮೀಸಲು ಎಂದು ನನ್ನನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದ್ದಾರೆ, ಅವತ್ತಿನ ಪದ್ಯ ಆ ಗಣ್ಯರಿಗೂ ಕೇಳಲಿಲ್ಲ. ಅನುಮಾನವಿರುವ ಹಾಲಿನವರು ಕಾರ್ಯಕ್ರಮವಿಲ್ಲದ ದಿನ ಹೇಳಿಕಳಿಸಿದರೆ ನನ್ನದೇ ಮಿಕ್ಸರ್, ರೂಟರ್, ಕೇಬಲ್ ತಂದು ತೋರಿಸುತ್ತೇನೆ, ದುಡ್ಡು ಬೇಡ. ಪತ್ರ ಬರೆದ ಆ ಓದುಗರೂ ಬಂದು ಎಂಟನೇ ಸಾಲಿನಲ್ಲಿ ನನ್ನ ಪಕ್ಕ ಕೂರಲಿ.

– ಒಬ್ಬ ಮೈಕ್ ಸೆಟ್ಟಿನವ, ಕುಂದಾಪುರ ತಾಲ್ಲೂಕು