ತಪ್ಪು ಎಲ್ಲಿ ಅಂತ ಕನ್ನಡದಲ್ಲಿ ಹೇಳಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಬದಿಯಡ್ಕದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಕನ್ನಡ ಮಾಧ್ಯಮದಲ್ಲೇ ಓದಿದವಳು. ಮೊನ್ನೆ ಒಂದು ವಿದ್ಯಾರ್ಥಿವೇತನಕ್ಕೆ ಆನ್‌ಲೈನ್ ಅರ್ಜಿ ಹಾಕಲು ಕೂತಳು. ಕೊನೆಯ ದಿನ, ಹೊರಗೆ ಜೋರು ಮಳೆ. ಎಲ್ಲ ತುಂಬಿಸಿ ಸಬ್ಮಿಟ್ ಒತ್ತಿದರೆ ‘ಸಮ್‌ಥಿಂಗ್ ವೆಂಟ್ ರಾಂಗ್’, ಅಂದರೆ ಏನೋ ತಪ್ಪಾಗಿದೆ ಅಂತ. ಮತ್ತೆ ತುಂಬಿಸಿದಳು, ಮತ್ತೆ ಅದೇ. ಹೀಗೆ ನಾಲ್ಕು ಸಲ. ನೆಟ್ ಸಿಗುತ್ತಿಲ್ಲ ಅಂದುಕೊಂಡು ಅವಳಮ್ಮ ಮೊಬೈಲ್ ಹಿಡಿದು ಜಗಲಿಗೆ ಹೋಗಿ ನಿಂತರು.

ನಾನು ವೆಬ್ ಅಪ್ಲಿಕೇಶನ್ ಕೆಲಸ ಮಾಡುವವನು. ಲ್ಯಾಪ್‌ಟಾಪಿನಲ್ಲಿ ಪುಟದ ಒಳಗಿನ ಎರರ್‌ಗಳು ಕಾಣುವ ಬ್ರೌಸರಿನ ಕನ್ಸೋಲ್ ತೆರೆದು ನೋಡಿದೆ. ಪಿನ್‌ಕೋಡ್ 5ರಿಂದಲೇ ಶುರುವಾಗಬೇಕು ಅಂತ ಬರೆದಿಟ್ಟಿದ್ದಾರೆ! ಕರ್ನಾಟಕದ್ದು ಹಾಗೇ, ಸರಿ. ಆದರೆ ಕಾಸರಗೋಡು 1956ರ ನವೆಂಬರ್ 1ರಿಂದ ಕೇರಳದಲ್ಲಿದೆ, ನಮ್ಮ ಪಿನ್ ಶುರುವಾಗುವುದು 671ರಿಂದ. ಗಡಿನಾಡಿನ ಮಕ್ಕಳೂ ಅರ್ಜಿ ಹಾಕಿ ಅಂತ ಕರೆದವರಿಗೆ ಇದು ಹೊಳೆಯಬೇಕಿತ್ತು ಅಲ್ವಾ?

ಅದಕ್ಕಿಂತ ಜಾಸ್ತಿ ಬೇಜಾರಾದದ್ದು ಇನ್ನೊಂದಕ್ಕೆ. ತಕರಾರು ಪಿನ್‌ಕೋಡಿನದ್ದು ಅಂತ ಅರ್ಜಿಯ ಪ್ರೋಗ್ರಾಮಿಗೆ ಗೊತ್ತಿತ್ತು, ಹುಡುಗಿಗೆ ಹೇಳಲಿಲ್ಲ. ನೆಟ್ ಹೋಗಲಿ, ಸರ್ವರ್ ಕೆಡಲಿ, ಪಿನ್ ಹೊಂದದಿರಲಿ, ಎಲ್ಲವನ್ನೂ ಎರರ್ ಹಿಡಿಯುವ ಒಂದೇ ‘ಕ್ಯಾಚ್’ಗೆ ತಳ್ಳಿ ಒಂದೇ ಇಂಗ್ಲಿಷ್ ವಾಕ್ಯ ತೋರಿಸಿದ್ದಾರೆ. ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟಿನಲ್ಲಿ ನಮ್ಮದೇ ಎರರ್ ಮಾಡಿಕೊಳ್ಳುವುದು ಕಷ್ಟವೇನಲ್ಲ. 2015ರಲ್ಲಿ ಆ ಭಾಷೆಗೆ ‘ಕ್ಲಾಸ್’ (ಹೊಸ ಬಗೆಯ ವಸ್ತು ಮಾಡುವ ಅಚ್ಚು) ಬಂದ ಮೇಲಂತೂ ಅದರಲ್ಲಿರುವ ‘ಎರರ್’ ಅನ್ನು ‘ಎಕ್ಸ್‌ಟೆಂಡ್’ ಮಾಡಿ, ಅಂದರೆ ಬೆಳೆಸಿ, ಯಾವ ಕಾಲಂ ತಪ್ಪಿದೆ, ಯಾಕೆ ತಪ್ಪಿದೆ ಅನ್ನುವುದನ್ನು ಅದರೊಳಗೇ ಇಟ್ಟು ‘ಥ್ರೋ’ ಮಾಡುವುದು, ಅಂದರೆ ಎಸೆಯುವುದು, ಕೆಲವೇ ಸಾಲಿನ ಕೆಲಸ. ಕ್ಯಾಚ್‌ನಲ್ಲಿ ‘ಇನ್‌ಸ್ಟನ್ಸ್‌ಆಫ್’ ಎಂಬ ಪದ ಹಾಕಿ ಯಾವ ಬಗೆಯ ಎರರ್ ಅಂತ ನೋಡಿದರಾಯಿತು. ಒಂದೊಂದಕ್ಕೂ ಒಂದು ಗುರುತು ಕೊಟ್ಟರೆ ಅದೇ ಗುರುತಿಗೆ ಕನ್ನಡದಲ್ಲೂ ಮಲಯಾಳದಲ್ಲೂ ವಾಕ್ಯ ಇಡಬಹುದು. ಹಾಂ, ಸರ್ವರ್ 404 (ಪುಟ ಸಿಗಲಿಲ್ಲ) ಅಂದರೂ 500 (ಸರ್ವರ್ ಕೆಟ್ಟಿದೆ) ಅಂದರೂ, ಸರ್ವರಿಗೆ ಮಾಹಿತಿ ಕಳಿಸಿ ತರುವ ‘ಫೆಚ್’ ತಾನಾಗಿ ಎರರ್ ಎಸೆಯುವುದಿಲ್ಲ, ಬಂದ ಉತ್ತರದಲ್ಲಿ ‘ಓಕೆ’ ಇದೆಯಾ ಅಂತ ನಾವೇ ನೋಡಿ ಎಸೆಯಬೇಕು.

ಹೆಸರಿನ ಕಾಲಮ್ಮಿನದ್ದೂ ಇದೇ ಕಥೆ. ಕನ್ನಡದಲ್ಲೂ ಬರೆಯಬಹುದು ಅನ್ನುತ್ತಾರೆ, ಆದರೆ ತಪಾಸಣೆಯಲ್ಲಿ ಯುನಿಕೋಡಿನ (ಎಲ್ಲ ಭಾಷೆಗಳ ಲಿಪಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಪದ್ಧತಿ) ‘ಅಕ್ಷರ’ಗಳಿಗೆ ಮಾತ್ರ ಅವಕಾಶ ಕೊಟ್ಟಿರುತ್ತಾರೆ. ಕಾಗುಣಿತದ ಗುಣಿಸು, ದೀರ್ಘಗಳು ಯುನಿಕೋಡಿನಲ್ಲಿ ಬೇರೆ ಗುಂಪು. ಹಾಗಾಗಿ ‘ಕಮಲ’ ಪಾಸಾಗುತ್ತದೆ, ‘ಗಿರಿಜಾ’ ಫೇಲ್! ಆಗಲೂ ಬರುವುದು ಅದೇ ‘ಸಮ್‌ಥಿಂಗ್ ವೆಂಟ್ ರಾಂಗ್’. ಪಾಪ, ತನ್ನ ಹೆಸರು ಬರೆಯಲೂ ಬರುವುದಿಲ್ಲವಾ ಅಂತ ಮಗು ಅಂದುಕೊಳ್ಳುತ್ತದೆ.

ರಾತ್ರಿ ಹನ್ನೆರಡಕ್ಕೆ ಅರ್ಜಿಯ ಪುಟ ಮುಚ್ಚಿತು, ಅವಳ ಅರ್ಜಿ ಹೋಗಲೇ ಇಲ್ಲ. ಸಂಬಂಧಪಟ್ಟವರು ಇದನ್ನು ಓದಿದರೆ ಪಿನ್‌ಕೋಡಿನ ತಪ್ಪು ತಿದ್ದಿ, ಗಡಿನಾಡಿನ ಮಕ್ಕಳಿಗೆ ಇನ್ನೊಂದು ವಾರ ಸಮಯ ಕೊಡಲಿ.

— ಓದುಗ, ಬದಿಯಡ್ಕ