ಶೆಡ್ಡಿಗಾಗಿ ಯಾರೂ ಮನೆ ಹರಾಜು ಹಾಕುವುದಿಲ್ಲ, ಅಪ್ಪಯ್ಯ

ಆಸ್ಟಿನ್, ಟೆಕ್ಸಾಸ್
ಏಪ್ರಿಲ್ 12

ತೀರ್ಥರೂಪ ಅಪ್ಪಯ್ಯನವರಿಗೆ ಮತ್ತು ಅಮ್ಮನಿಗೆ ವೀಣಾ ಮಾಡುವ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕು.

ಸುಮಾ ಕಳಿಸಿದ ನಿಮ್ಮ ಪತ್ರದ ಫೋಟೊ ನೋಡಿ ಕೈಕಾಲೇ ಆಡಲಿಲ್ಲ. ನಮ್ಮ ಮನೆ ಹರಾಜಾಗುತ್ತದೆ ಅಂತ ಹೆದರಿ ಸೊಸೈಟಿಯ ಠೇವಣಿ ತೆಗೆದು ಇಲ್ಲಿಗೆ ದುಡ್ಡು ಕಳಿಸುವ ಯೋಚನೆಯನ್ನು ದಯವಿಟ್ಟು ಇವತ್ತೇ ಬಿಡಿ. ಅದು ಸುಮಾಳ ಮದುವೆಗೆಂದು ಇಟ್ಟದ್ದು. ಫೋನಿನಲ್ಲಿ ಹೇಳಿದರೆ ನೀವು ಅರ್ಧ ಕೇಳಿ ಅಮ್ಮನ ಕೈಗೆ ಕೊಡುತ್ತೀರಿ, ಅಮ್ಮ ಅಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಸುಮಾ ನಿಧಾನವಾಗಿ ಓದಿ ಹೇಳಲಿ.

ಮನೆ ಜಪ್ತಿ ಆಗುತ್ತಿಲ್ಲ. ಹರಾಜೂ ಇಲ್ಲ. ಶ್ರೀಪತಿ ಭಾವ ಡಲ್ಲಾಸಿನಿಂದ ಬಂದವನು ಹೊಟ್ಟೆ ತುಂಬ ಉಂಡು, ನಾವು ಫ್ರಿಜ್ಜಿಗೆ ಅಂಟಿಸಿದ್ದ ಬಡಾವಣೆ ಸಂಘದ ಪತ್ರವನ್ನು ಅರ್ಧ ಓದಿ, ಊರಿಗೆ ಫೋನು ಮಾಡಿದ್ದಾನೆ. ಆ ಪತ್ರ ರಿಜಿಸ್ಟರ್ ಅಂಚೆಯಲ್ಲಿ ಬಂದದ್ದು ನಿಜ. ಇಲ್ಲಿ ದಂಡ ಹಾಕುವ ಮೊದಲು ಹಾಗೆ ಕಳಿಸಿ, ಸರಿ ಮಾಡಿಕೊಳ್ಳಲು ಅವಕಾಶ ಕೊಡಬೇಕು ಅಂತ ಕಾನೂನೇ ಇದೆ. ದಂಡ ಬಿದ್ದಿಲ್ಲ. ಬೀಳುವುದೂ ಇಲ್ಲ.

ವಿಷಯ ಇಷ್ಟೇ. ಹಿತ್ತಿಲಲ್ಲಿ ಒಂದು ಶೆಡ್ಡು ಕಟ್ಟಬೇಕು ಅಂತ ಇದ್ದೇವೆ, 10 ಅಡಿಗೆ 12 ಅಡಿ. ಹುಲ್ಲು ಕತ್ತರಿಸುವ ಮೆಷಿನ್ನು, ಏಣಿ, ಮಕ್ಕಳ ಸೈಕಲ್ಲು ಎಲ್ಲ ಈಗ ಗ್ಯಾರೇಜಿನಲ್ಲಿ ಬೆಚ್ಚಗಿವೆ, ಕಾರು ಬಯಲಲ್ಲಿ. ಇಲ್ಲಿ ಈಗ ಆಲಿಕಲ್ಲಿನ ಕಾಲ. ಒಮ್ಮೊಮ್ಮೆ ನಿಂಬೆಹಣ್ಣಿನ ಗಾತ್ರದವು ಬೀಳುತ್ತವೆ, ಕಾರಿನ ಗಾಜು ಉಳಿಯುವುದಿಲ್ಲ. ಶೆಡ್ಡಿನ ಹಲಗೆಗಳು ಅಂಗಡಿಯಿಂದ ಹೇಳಿದ್ದಕ್ಕಿಂತ ಮೊದಲೇ ಬಂದು ಮನೆ ಮುಂದೆ ಇಳಿದವು. ರಸ್ತೆಗೆ ಕಾಣುವ ಹಾಗೆ ಸಾಮಾನು ಇಡಬಾರದು ಅಂತ ನಿಯಮ. ಅದಕ್ಕೆ ಆ ಪತ್ರ. ಮರುದಿನವೇ ಒಳಗೆ ಸಾಗಿಸಿದೆವು. ಮುಗಿಯಿತು.

ಆ ಪತ್ರ ಕಳಿಸಿದ್ದು ಸರ್ಕಾರ ಅಲ್ಲ, ಅಪ್ಪಯ್ಯ. ಬಡಾವಣೆಯ ಮನೆಯವರದೇ ಸಂಘ. ಸೇರುವುದಿಲ್ಲ ಅನ್ನುವಂತಿಲ್ಲ. ಅದರ ಕರಾರು ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲಿ, ನೋಂದಣಿ ಆಗಿರುತ್ತದೆ, ಮನೆ ಕೊಂಡವರಿಗೆಲ್ಲ ಅಂಟಿಕೊಂಡೇ ಬರುತ್ತದೆ. ತಮಾಷೆ ಏನೆಂದರೆ, ಒಂದೇ ಅಂತಸ್ತಿನ, 200 ಚದರ ಅಡಿ ಮತ್ತು 15 ಅಡಿ ಎತ್ತರ ಮೀರದ, ನಲ್ಲಿ ಗಿಲ್ಲಿ ಇಲ್ಲದ ಶೆಡ್ಡಿಗೆ ಆಸ್ಟಿನ್ ನಗರಪಾಲಿಕೆ ಪರವಾನಗಿಯನ್ನೇ ಕೇಳುವುದಿಲ್ಲ. ಸಂಘ ಕೇಳುತ್ತದೆ! ಜಾಗದ ಸರ್ವೆ ನಕ್ಷೆ, ಬಣ್ಣದ ಚೂರು, ಹೆಂಚಿನ ಮಾದರಿ, ಅಕ್ಕಪಕ್ಕದವರ ಸಹಿ. ಬೇಲಿಯಿಂದ 5 ಅಡಿ ಬಿಡಬೇಕು, ಎತ್ತರ 8 ಅಡಿ ದಾಟಬಾರದು, ಗೋಡೆಯ ಬಣ್ಣ ಮನೆಯದೇ ಇರಬೇಕು. ನೀವು ಕೊಟ್ಟಿಗೆಗೆ ಸೋಗೆ ಹೊದಿಸುವಾಗ ಯಾರನ್ನಾದರೂ ಕೇಳಿದ್ದಿರಾ? ಆದರೂ ಬೀದಿ ಮಾತ್ರ ನೋಡುವುದಕ್ಕೆ ಬಹಳ ಚೆಂದ, ಅದನ್ನು ಒಪ್ಪಲೇಬೇಕು.

ಈಗ ಹರಾಜಿನ ಮಾತು. ಶ್ರೀಪತಿ ಭಾವ ಹೇಳಿದ ಕಥೆ ಸುಳ್ಳಲ್ಲ. 2008ರಲ್ಲಿ ಡಲ್ಲಾಸ್ ಹತ್ತಿರದ ಫ್ರಿಸ್ಕೊದಲ್ಲಿ, ಇರಾಕಿಗೆ ಹೋಗಿದ್ದ ಸೈನಿಕನೊಬ್ಬನ ಮನೆಯನ್ನು ಸಾವಿರ ಡಾಲರಿಗೂ ಕಡಿಮೆ ಬಾಕಿಗೆ ಸಂಘದವರು ಹರಾಜು ಹಾಕಿಸಿದ್ದರು. ಆದರೆ ಅವನು ಕಥೆಯ ಉಳಿದರ್ಧ ಹೇಳಿಲ್ಲ. ಮನೆ ಅವರಿಗೆ ವಾಪಸು ಸಿಕ್ಕಿತು, ಆಮೇಲೆ 2011ರಲ್ಲಿ ಕಾನೂನೂ ಬದಲಾಯಿತು. ಈಗ ಟೆಕ್ಸಾಸಿನಲ್ಲಿ ಸಂಘದವರು ಕೋರ್ಟಿನ ಆದೇಶ ಇಲ್ಲದೆ ಹರಾಜಿಗೆ ಹೋಗುವಂತಿಲ್ಲ. ಹರಾಜಾದರೂ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳಲು 180 ದಿನ ಇರುತ್ತದೆ. ಆ ಹರಾಜೂ ಸಂಘದ ವರ್ಷದ ವಂತಿಗೆ ಉಳಿಸಿಕೊಂಡವರಿಗೆ. ಬರೀ ದಂಡದ ಬಾಕಿಗೆ ಮನೆ ಮುಟ್ಟುವ ಹಾಗೇ ಇಲ್ಲ. ನಮ್ಮ ವಂತಿಗೆ ಜನವರಿಯಲ್ಲೇ ಕಟ್ಟಿ ಆಗಿದೆ. ರಸೀತಿಯ ಫೋಟೊ ಸುಮಾಳಿಗೆ ಕಳಿಸಿದ್ದೇನೆ, ನೋಡಿ. ಎರಡು ಸಲ ನೋಡಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಕೊಟ್ಟ ಮಗಳ ಮನೆಗೆ ಮಾವ ಠೇವಣಿ ಮುರಿದು ದುಡ್ಡು ಕಳಿಸಿದರು ಅಂತ ಆದರೆ ಇವರು ಯಾರಿಗೆ ಮುಖ ತೋರಿಸಬೇಕು? ನಿಮ್ಮ ಪತ್ರದ ವಿಷಯ ಇವರಿಗೆ ಹೇಳಿಯೇ ಇಲ್ಲ. ಹೋದ ವರ್ಷ ಕೊಳೆ ರೋಗಕ್ಕೆ ಅರ್ಧ ಫಸಲು ಉದುರಿದೆ, ಔಷಧಿಯ ಸಾಲ ಬೇರೆ ಇದೆ ಅಂತ ಅಮ್ಮ ಹೇಳಿದ್ದಳು. ಅದರ ಮೇಲೆ ಇದನ್ನೂ ತೆಗೆದರೆ, ನಾಳೆ ಸುಮಾಳಿಗೆ ಎಲ್ಲಾದರೂ ಕೂಡಿ ಬಂದಾಗ ಏನು ಮಾಡುತ್ತೀರಿ? ಇವರ ಆಫೀಸಿನಲ್ಲಿ ಜನ ತೆಗೆಯುತ್ತಿದ್ದಾರೆ ಅಂತಲೂ ಶ್ರೀಪತಿ ಭಾವ ಹೇಳಿರಬೇಕು. ತೆಗೆದದ್ದು ಬೇರೆ ವಿಭಾಗದವರನ್ನು. ಇವರದಕ್ಕೆ ಏನೂ ಆಗುವುದಿಲ್ಲ ಅಂತ ಮ್ಯಾನೇಜರೇ ಹೇಳಿದ್ದಾನೆ.

ಶೆಡ್ಡಿನ ಅರ್ಜಿ ಒಮ್ಮೆ ವಾಪಸಾಗಿದೆ, ಅದನ್ನೂ ನಾನೇ ಹೇಳಿಬಿಡುತ್ತೇನೆ, ಅವನಿಂದ ಗೊತ್ತಾಗುವುದು ಬೇಡ. ಚಾವಣಿಯ ಬಣ್ಣ ಮನೆಯ ಚಾವಣಿಗೆ ಹೊಂದುವುದಿಲ್ಲವಂತೆ. ನಮ್ಮದು ಇದ್ದಿಲ ಬಣ್ಣ, ಅವರಿಗೆ ಬೇಕಾದ್ದು ಹಳೆ ಮರದ ಬಣ್ಣ. ಇಷ್ಟು ದೂರದಿಂದ ನೋಡಿದರೆ ಎರಡೂ ಒಂದೇ ಅಂತ ನನ್ನ ಅಭಿಪ್ರಾಯ. ಆದರೆ ಇಲ್ಲವೆಂದರೆ ಕಾರಣವನ್ನು ಬರೆದು ಕೊಡಲೇಬೇಕು, 30 ದಿನದೊಳಗೆ ನಾವು ವಿಚಾರಣೆ ಕೇಳಬಹುದು. ಕೇಳಿದ್ದೇವೆ. ನಕ್ಷೆ ನೋಡುವ ಸಮಿತಿಯಲ್ಲಿ ಸಂಘದ ನಿರ್ದೇಶಕರಾಗಲಿ ಅವರ ಗಂಡ ಹೆಂಡಿರಾಗಲಿ ಕೂರುವಂತಿಲ್ಲ ಅಂತಲೂ 2021ರಿಂದ ಕಾನೂನಾಗಿದೆ. ನಮ್ಮ ಪಂಚಾಯ್ತಿಯಲ್ಲಿ ಹೆಂಡತಿ ಸದಸ್ಯೆ, ಕುರ್ಚಿಯಲ್ಲಿ ಗಂಡ. ಅಲ್ಲಿಗೂ ಇಂಥದ್ದೊಂದು ಬರಲಿ.

ಅಮ್ಮಾ, ತುಳಸಿ ಕಟ್ಟೆ ತೆಗೆಸುತ್ತಾರಾ ಅಂತ ಕೇಳಿದ್ದೀಯಲ್ಲ, ತೆಗೆಸುವುದಿಲ್ಲ. ನಂಬಿಕೆಯಿಂದ ಇಟ್ಟ ದೇವರ ವಸ್ತುಗಳನ್ನು ಸಂಘ ನಿಷೇಧಿಸುವ ಹಾಗಿಲ್ಲ ಅಂತ ರಾಜ್ಯದ ಕಾನೂನೇ ಇದೆ. ಕಟ್ಟೆ ಹಿಂಬದಿಯಲ್ಲಿ ಪೈಪು, ತಂತಿಗೆ ಬಿಟ್ಟ ಜಾಗದ ಮೇಲೆ ಬರಬಾರದು, ಅಷ್ಟೇ. ಗುಂಡಿ ತೋಡುವ ಮೊದಲು, ನೆಲದಡಿಯ ಪೈಪು, ತಂತಿ ಎಲ್ಲಿವೆ ಅಂತ ಗುರುತು ಹಾಕಿಸಲು 811ಕ್ಕೆ ಫೋನು ಮಾಡಬೇಕು. ಅವರು ಬಂದು ನೆಲದ ಮೇಲೆ ಬಣ್ಣ ಬಳಿದು ಸಣ್ಣ ಬಾವುಟ ನೆಡುತ್ತಾರೆ, ಕರೆಂಟಿಗೆ ಕೆಂಪು, ಗ್ಯಾಸಿಗೆ ಹಳದಿ, ನೀರಿಗೆ ನೀಲಿ. ನಮಗೆ ಕಾಸು ಖರ್ಚಿಲ್ಲ. ಮಗ ಅವನ್ನು ಕಿತ್ತು ಜಾತ್ರೆ ಆಟ ಆಡಿದ, ಮತ್ತೆ ಕರೆಸಬೇಕಾಯಿತು.

ಮಕ್ಕಳನ್ನು ಈಜಿಗೆ ಬಿಡುವ ಹೊತ್ತಾಯಿತು, ಇವರು ಕಾರು ತೆಗೆದು ಹಾರ್ನು ಹೊಡೆಯುತ್ತಿದ್ದಾರೆ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಠೇವಣಿಯ ಬಾಂಡು ಅಮ್ಮನ ಟ್ರಂಕಿನಲ್ಲೇ ಇರಲಿ, ಬೀಗದ ಕೈ ಸುಮಾಳ ಹತ್ತಿರ. ಸೋಮವಾರ ಪೇಟೆಗೆ ಹೋದರೂ ಸೊಸೈಟಿಗೆ ಹೋಗಬೇಡಿ. ನಾವು ನಿಜವಾಗಿಯೂ ಚೆನ್ನಾಗಿದ್ದೇವೆ.

ಇಂತಿ ನಿಮ್ಮ ಮಗಳು,
ವೀಣಾ

ಸುಮಾ, ಓದಿ ಹೇಳುವಾಗ ಅತ್ತೆ ಜಗುಲಿಯಲ್ಲಿ ಕೂತಿದ್ದರೆ ಶ್ರೀಪತಿ ಭಾವನ ಸಾಲುಗಳನ್ನು ಹಾರಿಸಿಬಿಡು.